ಸುಣ್ಣ ಬಿದ್ದ ಕಣ್ಣಿಗೆ ಒಳ್ಳೆ ಕಣ್ಣಿಂದ ಸ್ಟೆಮ್ ಸೆಲ್ ತೆಗೆದು ಹಾಕ್ತಾರಂತೆ, ಒಳ್ಳೆ ಕಣ್ಣಿಗೆ ಏನೂ ಆಗಲ್ವಾ?

ಅರೇಹಳ್ಳಿ ತೋಟದವ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ಮ ದೊಡ್ಡಪ್ಪನ ಮಗ, 34 ವರ್ಷ. ಹೋದ ಸಲ ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಬೋರ್ಡೋ (ಮೈಲುತುತ್ತ ಸುಣ್ಣ ಬೆರೆಸಿದ ಔಷಧಿ) ಹೊಡೆಯಕ್ಕೆ ಅಂತ ಡ್ರಮ್ಮಲ್ಲಿ ಸುಟ್ಟ ಸುಣ್ಣ ಅರಳಿಸ್ತಿದ್ದ, ಕುದ್ದು ಸಿಡಿದು ಬಲಗಣ್ಣಿಗೆ ಬಿತ್ತು. ಅಲ್ಲಿದ್ದ ಆಳುಗಳು ಮುಖ ತೊಳೆಸಿದ್ರು, ರೆಪ್ಪೆ ಬಿಡಿಸಿ ಒಳಗೆ ಯಾರೂ ತೊಳೀಲಿಲ್ಲ. ಮನೆಗೆ ಬಂದ ಮೇಲೆ ಯಾರೋ ಹರಳೆಣ್ಣೆ ಬಿಟ್ರು, ಹಾಸನ ಮುಟ್ಟೋ ಹೊತ್ತಿಗೆ ಸಂಜೆ ಆಗಿತ್ತು.

ಈಗ ಕರಿಗುಡ್ಡೆ ಮೇಲೆ ಬೆಳ್ಳಗೆ ಹೂ ಬಿದ್ದಿದೆ, ಅದರ ಮೇಲೆ ಸುತ್ತ ಕಡೆಯಿಂದ ಕೆಂಪು ನರ ಹತ್ಕೊಂಡು ಬಂದಿವೆ. ಬಿಸಿಲಿಗೆ ಬಂದ್ರೆ ಕಣ್ಣು ಬಿಡಕ್ಕಾಗಲ್ಲ, ನೀರು ಸುರೀತಾನೇ ಇರುತ್ತೆ. ಮುಖದ ಹತ್ರ ಕೈ ಆಡಿಸಿದ್ರೆ ಗೊತ್ತಾಗುತ್ತೆ, ಅಷ್ಟೇ ದೃಷ್ಟಿ.

ಒಬ್ಬ ಡಾಕ್ಟ್ರು ಕಾರ್ನಿಯಾ ಬದಲಾಯಿಸ್ಬೇಕು, ಐ ಬ್ಯಾಂಕಲ್ಲಿ ಹೆಸರು ಬರೆಸಿ ಅಂದ್ರು. ಬೆಂಗಳೂರಲ್ಲಿ ಇನ್ನೊಬ್ರು, ಈಗ್ಲೇ ಕಾರ್ನಿಯಾ ಹಾಕಿದ್ರೆ ನಿಲ್ಲಲ್ಲ, ಮೊದಲು ಎಡಗಣ್ಣಿನ ಅಂಚಿಂದ ಒಂದು ಚೂರು ತೆಗೆದು ಬಲಗಣ್ಣಿಗೆ ನೆಡಬೇಕು, ಅದರಲ್ಲಿ ಸ್ಟೆಮ್ ಸೆಲ್, ಅಂದ್ರೆ ಹೊಸ ಕೋಶ ಹುಟ್ಟಿಸೋ ಮೂಲ ಕೋಶ, ಇರುತ್ತೆ ಅಂದ್ರು. ಮನೇಲಿ ದೊಡ್ಡ ಗಲಾಟೆ ಆಗಿದೆ. ದೊಡ್ಡಮ್ಮ ಊಟ ಬಿಟ್ಟು ಕೂತವ್ರೆ, "ಇರೋ ಒಂದು ಕಣ್ಣಿಗೂ ಕತ್ತರಿ ಹಾಕಿಸ್ಕೊಳ್ತೀಯೇನೋ" ಅಂತ. ಇದು ನಿಜವಾಗ್ಲೂ ಇರೋ ಚಿಕಿತ್ಸೆನಾ ಅಥವಾ ಪ್ರಯೋಗನಾ? ಒಳ್ಳೆ ಕಣ್ಣಿಗೆ ತೊಂದರೆ ಆಗುತ್ತಾ? ಗೊತ್ತಿರೋರು ಹೇಳಿ.

ಬೇಲೂರು ಹುಡುಗ:
ಬೇಗ ಗುಣ ಆಗ್ಲಿ ಅಣ್ಣ. ನಮ್ಮ ತಾತಂಗೂ ಕಣ್ಣು ಬೆಳ್ಳಗಾಗಿತ್ತು, ಕ್ಯಾಂಪಲ್ಲಿ ಪೊರೆ ಆಪರೇಷನ್ ಮಾಡಿ ಲೆನ್ಸ್ ಹಾಕಿದ್ರು, ಈಗ ಪೇಪರ್ ಓದ್ತಾರೆ. ಅದನ್ನೇ ಮಾಡ್ಸಿ ನೋಡಿ.

ಕಣ್ಣಾಸ್ಪತ್ರೆ ಕೆಲಸದವಳು, ಹಾಸನ:
ಬೇಲೂರು ಹುಡುಗ, ಅದು ಬೇರೆ ಇದು ಬೇರೆ. ಪೊರೆ ಅಂದ್ರೆ ಕಣ್ಣಿನ ಒಳಗಿರೋ ಲೆನ್ಸ್ ಮಂಜಾಗೋದು. ಇವ್ರಿಗೆ ಸುಟ್ಟಿರೋದು ಹೊರಗಡೆ ಗಾಜಿನ ಥರ ಇರೋ ಕಾರ್ನಿಯಾ.

ಅರೇಹಳ್ಳಿಯವ್ರೇ, ನಾನು ಡಾಕ್ಟರ್ ಅಲ್ಲ, ಆಪ್ಟೋಮೆಟ್ರಿ ಓದಿ ಕಣ್ಣಿನ ಆಸ್ಪತ್ರೇಲಿ ಕೆಲಸ ಮಾಡ್ತೀನಿ. ನೀವು ಬರೆದ ಲಕ್ಷಣ ನೋಡಿದ್ರೆ ಬೆಂಗಳೂರಿನವ್ರು ಹೇಳಿದ್ದು ಸರಿ ಅನ್ಸುತ್ತೆ. ಕಾರ್ನಿಯಾದ ಮೇಲ್ಪದರ ದಿನಾ ಸವೀತಾ ಇರುತ್ತೆ, ವಾರ ಹತ್ತು ದಿನದಲ್ಲಿ ಪೂರ್ತಿ ಹೊಸದಾಗುತ್ತೆ. ಆ ಹೊಸ ಕೋಶಗಳು ಬರೋದು ಕರಿಗುಡ್ಡೆ ಬಿಳಿಗುಡ್ಡೆ ಸೇರೋ ಉಂಗುರದಂಥ ಅಂಚಿಂದ, ಅದಕ್ಕೆ ಲಿಂಬಸ್ ಅಂತಾರೆ. ಭತ್ತಕ್ಕೆ ಅಗೆಮಡಿ ಇರುತ್ತಲ್ಲ ಹಂಗೆ ಅಂದ್ಕೊಳ್ಳಿ, ಪೈರು ಅಲ್ಲಿಂದಾನೇ ಬರಬೇಕು. ಸುಣ್ಣ ಬಿದ್ದಾಗ ಆ ಅಂಚೇ ಸುಟ್ಟು ಹೋದ್ರೆ ಮೇಲ್ಪದರ ಬೆಳೆಯಲ್ಲ. ಆಗ ಪಕ್ಕದ ಬಿಳಿಗುಡ್ಡೆ ಮೇಲಿನ ಚರ್ಮ, ರಕ್ತನಾಳ ಸಮೇತ, ಕರಿಗುಡ್ಡೆ ಮೇಲೆ ಹತ್ತುತ್ತೆ. ನೀವು ಹೇಳಿದ ಕೆಂಪು ನರ ಅದೇ.

ಕಾರ್ನಿಯಾ ಮಾತ್ರ ಬದಲಾಯಿಸಿದ್ರೆ ಯಾಕೆ ನಿಲ್ಲಲ್ಲ ಅಂದ್ರೆ, ದಾನ ಬಂದ ಕಾರ್ನಿಯಾದ ಮಧ್ಯದ ಭಾಗ ಮಾತ್ರ ಹೊಲಿತಾರೆ, ಅದರ ಜೊತೆ ಈ ಅಂಚು ಬರಲ್ಲ. ಕೆಲವು ವಾರ ಸ್ವಚ್ಛವಾಗಿ ಕಾಣುತ್ತೆ, ಆಮೇಲೆ ಮೇಲ್ಪದರ ಇಲ್ದೆ ಹುಣ್ಣಾಗಿ ಮತ್ತೆ ಬೆಳ್ಳಗಾಗುತ್ತೆ. ಸಿಕ್ಕಿದ್ದೇ ಅಪರೂಪ, ಆ ಕಣ್ಣೂ ವೇಸ್ಟ್.

ಬಣಕಲ್ ಪ್ಲಾಂಟರ್:
ಸ್ಟೆಮ್ ಸೆಲ್ ಅನ್ನೋ ಪದ ಕೇಳಿದ್ರೇನೇ ನಂಗೆ ಅನುಮಾನ ಮಾರಾಯ್ರೆ. ಮಂಡಿ ನೋವಿಗೂ ಸ್ಟೆಮ್ ಸೆಲ್, ಶುಗರಿಗೂ ಸ್ಟೆಮ್ ಸೆಲ್, ಕೂದ್ಲಿಗೂ ಸ್ಟೆಮ್ ಸೆಲ್ ಅಂತ ಬೋರ್ಡ್ ಹಾಕ್ಕೊಂಡು ಕೂತಿದ್ದಾರೆ, ಲಕ್ಷಗಟ್ಟಲೆ ಕಿತ್ಕೊಂಡು ಕಳಿಸ್ತಾರೆ. ಅಮೆರಿಕದ ಫ್ಲಾರಿಡಾದಲ್ಲಿ ಒಂದು ಕ್ಲಿನಿಕಲ್ಲಿ ಮೂರು ಹೆಂಗಸರಿಗೆ ಹೊಟ್ಟೆ ಕೊಬ್ಬಿಂದ ತೆಗೆದ ಸ್ಟೆಮ್ ಸೆಲ್ ಅಂತ ಎರಡೂ ಕಣ್ಣಿಗೆ ಚುಚ್ಚಿ, ಮೂರೂ ಜನಕ್ಕೆ ದೃಷ್ಟಿ ಹೋಯ್ತು, 2017ರಲ್ಲಿ ದೊಡ್ಡ ಮೆಡಿಕಲ್ ಜರ್ನಲ್ಲಲ್ಲೇ ಬಂದಿದೆ. ನಿಮ್ಮ ತಮ್ಮನ್ನ ಪ್ರಯೋಗದ ಇಲಿ ಮಾಡ್ಬೇಡಿ.

ಕಣ್ಣಾಸ್ಪತ್ರೆ ಕೆಲಸದವಳು, ಹಾಸನ:
ಬಣಕಲ್ ಸರ್, ಫ್ಲಾರಿಡಾ ವಿಷಯ ನೂರಕ್ಕೆ ನೂರು ನಿಜ, ಅದನ್ನ ಎಲ್ಲರಿಗೂ ಹೇಳ್ಬೇಕಾದ್ದೇ. ಆದ್ರೆ ಅಲ್ಲಿ ಮಾಡಿದ್ದು ಏನು, ಕೊಬ್ಬಿನ ಕೋಶ ತಗೊಂಡು ಕಣ್ಣಿನ ಹಿಂದಿನ ಪದರ ರೆಟಿನಾ ಸರಿ ಮಾಡ್ತೀವಿ ಅಂತ ಕಣ್ಣಿನ ಒಳಗೆ ಚುಚ್ಚಿದ್ದು. ಇಲ್ಲಿ ಅವ್ರದ್ದೇ ಕಣ್ಣಿನ ಅಂಚಿಂದ ಅದೇ ಜಾತಿ ಕೋಶ ತಗೊಂಡು ಅದೇ ಜಾಗಕ್ಕೆ ಇಡೋದು. ಎರಡಕ್ಕೂ ಹೆಸರು ಒಂದೇ ಅಂತ ಒಂದೇ ತಕ್ಕಡಿಗೆ ಹಾಕ್ಬೇಡಿ.

ಕೊಪ್ಪದ ಮಾಣಿ:
ಪುನೀತ್ ರಾಜ್‌ಕುಮಾರ್ ಕಣ್ಣು ನಾಲ್ಕು ಜನಕ್ಕೆ ಹಾಕಿದ್ರಲ್ಲ, ಅದೂ ಹಿಂಗೇನಾ?

ಚಿಕ್ಕಮಗಳೂರು ಫಾರ್ಮಸಿ:
ಅಲ್ಲ. ಅಪ್ಪು ಕಾರ್ನಿಯಾನ ಪದರ ಬಿಡಿಸಿದ್ರು. ಮುಂದಿನ ಪದರ ಹಾಳಾಗಿದ್ದೋರಿಗೆ ಮುಂದಿನದು, ಹಿಂದಿನ ಪದರ ಹಾಳಾಗಿದ್ದೋರಿಗೆ ಹಿಂದಿನದು, ಹಂಗೆ ಎರಡು ಕಣ್ಣಿಂದ 2021ರಲ್ಲಿ ನಾಲ್ಕು ಜನಕ್ಕೆ ಬೆಳಕು ಬಂತು. ಸುಣ್ಣ ಆಸಿಡ್ ಬಿದ್ದು ಅಂಚು ಹೋಗಿರೋರಿಗೆ ಮೊದಲು ಅಂಚು ಸರಿ ಆಗ್ಬೇಕು. ಅದು ಸರಿಯಾದ ಮೇಲೂ ಒಳಗಿನ ಪದರದಲ್ಲಿ ಕಲೆ ಇದ್ರೆ ಆಮೇಲೆ ದಾನದ ಕಾರ್ನಿಯಾ ಬೇಕಾಗ್ಬಹುದು. ಅದಕ್ಕೆ ನೇತ್ರದಾನ ಎಲ್ಲರೂ ಬರೆಸಿ, ಕನ್ನಡಕ ಇದ್ರೂ ಪೊರೆ ಆಪರೇಷನ್ ಆಗಿದ್ರೂ ಕೊಡಬಹುದು. ಸತ್ತ ಆರು ಗಂಟೆ ಒಳಗೆ ತೆಗೀಬೇಕು, ಅಷ್ಟರವರೆಗೆ ಕಣ್ಣು ಮುಚ್ಚಿಸಿ ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ.

ಸಕಲೇಶಪುರ ಅಜ್ಜಿ ಮೊಮ್ಮಗ:
ನಮ್ಮ ಕಡೆ ಕಣ್ಣಿಗೆ ಸುಣ್ಣ ಬಿದ್ರೆ ನಿಂಬೆಹಣ್ಣಿನ ರಸ ಇಲ್ಲಾ ಮಜ್ಜಿಗೆ ಹಾಕ್ತಾರೆ, ಸುಣ್ಣದ ಖಾರ ಮುರಿಯುತ್ತೆ ಅಂತ. ಎದೆಹಾಲೂ ಬಿಡ್ತಾರೆ. ಮೊದಲೇ ಮಾಡಿದ್ರೆ ಇಷ್ಟಾಗ್ತಿರ್ಲಿಲ್ಲ.

ಕಣ್ಣಾಸ್ಪತ್ರೆ ಕೆಲಸದವಳು, ಹಾಸನ:
ದಯವಿಟ್ಟು ಇದನ್ನ ಯಾರೂ ಮಾಡ್ಬೇಡಿ!! ಹುಳಿ ಸುಣ್ಣ ಸೇರಿದ್ರೆ ಇನ್ನೂ ಬಿಸಿ ಹುಟ್ಟುತ್ತೆ, ಮೊದಲೇ ಸುಟ್ಟಿರೋ ಕಣ್ಣಿಗೆ ಇನ್ನೊಂದು ಗಾಯ. ನೀರು, ಬರೀ ನೀರು. ನಲ್ಲಿ ನೀರೋ ಬಾವಿ ನೀರೋ, ಕೈಗೆ ಸಿಕ್ಕ ಶುದ್ಧ ನೀರು. ರೆಪ್ಪೆ ಎರಡೂ ಬೆರಳಲ್ಲಿ ಅಗಲ ಹಿಡಿದು ಅರ್ಧ ಗಂಟೆ ಸುರೀಬೇಕು, ಅವ್ರು ಉರಿ ಅಂತ ಕೂಗಿದ್ರೂ ಬಿಡಬಾರ್ದು. ಸುಣ್ಣದ ವಿಷಯದಲ್ಲಿ ಇನ್ನೊಂದು, ಅದು ಹರಳು ಹರಳಾಗಿ ಮೇಲಿನ ರೆಪ್ಪೆ ಒಳಗಡೆ ಅಂಟ್ಕೊಂಡು ಕೂತಿರುತ್ತೆ, ಅಲ್ಲಿಂದ ಕರಗಿ ಕರಗಿ ಸುಡ್ತಾನೇ ಇರುತ್ತೆ. ಆಸ್ಪತ್ರೇಲಿ ರೆಪ್ಪೆ ಮಗುಚಿ ಒದ್ದೆ ಹತ್ತಿ ಕಡ್ಡೀಲಿ ಅದನ್ನ ಒಂದೊಂದೇ ತೆಗೀತಾರೆ, ಆಮೇಲೆ ಕಣ್ಣೀರಿಗೆ ಬಣ್ಣದ ಪೇಪರ್ ಮುಟ್ಟಿಸಿ ಖಾರ ಇಳಿದಿದೆಯಾ ನೋಡಿ ಮತ್ತೆ ತೊಳೀತಾರೆ. ಎಣ್ಣೆ ತುಪ್ಪ ಜೇನು ಹಾಕ್ಕೊಂಡು ಬಂದ್ರೆ ಆ ಹರಳು ಅದರೊಳಗೇ ಸಿಕ್ಕಾಕ್ಕೊಂಡಿರುತ್ತೆ.

ಸಕಲೇಶಪುರ ಅಜ್ಜಿ ಮೊಮ್ಮಗ:
ಹಿರಿಯರು ಮಾಡ್ಕೊಂಡು ಬಂದಿದ್ದೆಲ್ಲಾ ತಪ್ಪು ಅನ್ನೋದು ಈಗಿನ ಫ್ಯಾಷನ್.

ಆಲೂರಿನ ಟೀಚರ್:
ಫ್ಯಾಷನ್ ಅಲ್ಲ ಅಣ್ಣ. ನಮ್ಮ ಬೀದೀಲಿ ಒಂದು ಮಗು ಅಜ್ಜಿ ಎಲೆ ಅಡಿಕೆ ಚೀಲದಿಂದ ಸುಣ್ಣದ ಟ್ಯೂಬ್ ತಗೊಂಡು ಹಿಸುಕಿ, ಫಟ್ ಅಂತ ಒಡೆದು ಕಣ್ಣಿಗೇ ಹಾರಿತ್ತು. ಪಕ್ಕದ ಮನೆ ಹುಡುಗಿ ನರ್ಸಿಂಗ್ ಓದ್ತಿದ್ಲು, ಮಗೂನ ತೊಡೆ ಮೇಲೆ ಮಲಗಿಸ್ಕೊಂಡು ಬಿಂದಿಗೆ ಮೇಲೆ ಬಿಂದಿಗೆ ನೀರು ಬಿಟ್ಲು, ಮಗು ಅಳ್ತಾ ಒದೀತಾ ಇತ್ತು, ಅವ್ಳು ಬಿಡ್ಲಿಲ್ಲ. ಇವತ್ತು ಆ ಮಗು ಸ್ಕೂಲಲ್ಲಿ ಮುಂದಿನ ಬೆಂಚಲ್ಲಿ ಓದ್ತಿದೆ. ನಮ್ಮ ದೇಶದಲ್ಲಿ ಮಕ್ಕಳ ಕಣ್ಣಿಗೆ ಹೀಗೆ ಆಗೋದು ಜಾಸ್ತಿ ಈ ಸುಣ್ಣದ ಪ್ಯಾಕೆಟ್ಟಿಂದಾನೇ. ಎಲೆ ಅಡಿಕೆ ಹಾಕೋರು ಇರೋ ಮನೇಲಿ ಅದನ್ನ ಮೇಲೆ ಎತ್ತಿಡಿ.

ಬಣಕಲ್ ಪ್ಲಾಂಟರ್:
ಸರಿ ನೀರು ಒಪ್ದೆ. ಆದ್ರೆ ಆಸಿಡ್ ತಾನೇ ಜಾಸ್ತಿ ಡೇಂಜರ್, ಸುಣ್ಣ ಅಷ್ಟೇನಾ?

ಚಿಕ್ಕಮಗಳೂರು ಫಾರ್ಮಸಿ:
ಉಲ್ಟಾ ಸರ್. ಆಸಿಡ್ ಬಿದ್ರೆ ಮೇಲಿನ ಪದರ ಬೆಂದು ಗಟ್ಟಿಯಾಗಿ ಅದೇ ಒಂದು ತಡೆ ಆಗುತ್ತೆ, ಸಾಮಾನ್ಯವಾಗಿ ತುಂಬಾ ಒಳಗೆ ಇಳಿಯಲ್ಲ (ಹಂಗಂತ ಆಸಿಡ್ ಸಣ್ಣದಲ್ಲ, ಜೋರಾದ್ದು ಬಿದ್ರೆ ಕಣ್ಣೇ ಹೋಗುತ್ತೆ). ಸುಣ್ಣ, ಕಾಸ್ಟಿಕ್ ಸೋಡಾ, ಅಮೋನಿಯಾ ಇವು ಕ್ಷಾರ, ಕೋಶದಲ್ಲಿರೋ ಕೊಬ್ಬನ್ನೇ ಸೋಪು ಮಾಡ್ಕೊಂಡು ಒಳಗೆ ಒಳಗೆ ಹೋಗ್ತವೆ. ಕಣ್ಣಿನ ಒಳಗಿನ ಪ್ರೆಶರ್ ಕೂಡ ಏರುತ್ತೆ. ಅದಕ್ಕೇ ಇವ್ರ ತಮ್ಮಂಗೆ ಗ್ಲಾಕೋಮಾ ನೋಡಿದ್ದಾರಾ ಕೇಳಿ, ಮೇಲೆ ಎಷ್ಟು ಚೆನ್ನಾಗಿ ಅಂಚು ನೆಟ್ರೂ ಒಳಗೆ ನರ ಸತ್ತಿದ್ರೆ ದೃಷ್ಟಿ ಬರಲ್ಲ.

ಇನ್ನೊಂದು ಮಾತು. ನಮ್ಮ ಅಂಗಡಿಗೆ ಹಳೇ ಚೀಟಿ ತಂದು ಅದೇ ಸ್ಟೀರಾಯ್ಡ್ ಡ್ರಾಪ್ಸ್ ಕೊಡಿ ಅಂತ ಬರ್ತಾನೇ ಇರ್ತಾರೆ. ಸುಟ್ಟ ಹೊಸದರಲ್ಲಿ ಡಾಕ್ಟ್ರು ಅದನ್ನ ಕೊಡ್ತಾರೆ, ಜೊತೆಗೆ ವಿಟಮಿನ್ ಸಿ ಮಾತ್ರೆನೂ ಕೊಡ್ತಾರೆ, ಸರಿ. ಆಮೇಲೆ ಕೇಳದೆ ಕೇಳದೆ ತಿಂಗಳುಗಟ್ಟಲೆ ಬಿಟ್ಕೊಂಡ್ರೆ ಪ್ರೆಶರ್ ಏರಿ ಕಣ್ಣಿನ ನರ ಹೋಗುತ್ತೆ.

ಅರೇಹಳ್ಳಿ ತೋಟದವ:
ಪ್ರೆಶರ್ ನೋಡಿದ್ದಾರೆ, ಅದಕ್ಕೊಂದು ಡ್ರಾಪ್ಸ್ ನಡೀತಿದೆ, ಈಗ ಕಂಟ್ರೋಲಲ್ಲಿ ಇದೆಯಂತೆ. ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ನನ್ನ ಮುಖ್ಯ ಪ್ರಶ್ನೆ ಹಂಗೇ ಉಳೀತು, ಎಡಗಣ್ಣಿಗೆ ಏನಾಗುತ್ತೆ?

ಮೂಡಿಗೆರೆ ಲ್ಯಾಬ್:
ನಾನು ಬಯೋಟೆಕ್ ಓದಿದವ, ಇದರ ಪೇಪರ್‌ಗಳನ್ನ ಇಷ್ಟಪಟ್ಟು ಓದ್ಕೊಂಡು ಬಂದಿದ್ದೀನಿ, ಸ್ವಲ್ಪ ಬಿಡಿಸಿ ಹೇಳ್ತೀನಿ ತಾಳ್ಮೆಯಿಂದ ಓದಿ.

1989ರಲ್ಲಿ ಅಮೆರಿಕದಲ್ಲಿ ಕೆನ್ಯನ್, ತ್ಸೆಂಗ್ ಅನ್ನೋ ಇಬ್ರು ಒಳ್ಳೆ ಕಣ್ಣಿನ ಅಂಚಿಂದ ದೊಡ್ಡ ಪಟ್ಟಿಗಳನ್ನೇ ತೆಗೆದು ಕೆಟ್ಟ ಕಣ್ಣಿಗೆ ಹೊಲಿದ್ರು. ಕೆಲಸ ಮಾಡ್ತು, ಆದ್ರೆ ನಿಮ್ಮ ದೊಡ್ಡಮ್ಮ ಹೆದರ್ತಿರೋದು ಇದಕ್ಕೇ, ಅಷ್ಟೊಂದು ತೆಗೆದ್ರೆ ಒಳ್ಳೆ ಕಣ್ಣಿಗೂ ಕೊರತೆ ಆಗೋ ಅಪಾಯ ಇತ್ತು. 1997ರಲ್ಲಿ ಇಟಲಿಯ ಪೆಲ್ಲೆಗ್ರಿನಿ ಮತ್ತೆ ಅವ್ರ ತಂಡದವ್ರು ಒಂದೆರಡು ಮಿಲಿಮೀಟರ್ ಚೂರು ಮಾತ್ರ ತಗೊಂಡು ಲ್ಯಾಬಲ್ಲಿ ಹಾಳೆ ಥರ ಬೆಳೆಸಿ ಹಾಕಿದ್ರು. 2010ರಲ್ಲಿ ಅದೇ ಇಟಲಿಯವ್ರು 112 ಜನರ ಫಲಿತಾಂಶ ಹಾಕಿದ್ರು, ಕೆಲವ್ರನ್ನ 10 ವರ್ಷದವರೆಗೂ ನೋಡಿದ್ರು, 76.6 ಪರ್ಸೆಂಟ್ ಜನಕ್ಕೆ ಕಾರ್ನಿಯಾ ಮೇಲ್ಮೈ ಶಾಶ್ವತವಾಗಿ ಸರಿ ಹೋಯ್ತು. ಬೆಳೆಸಿದ ಹಾಳೇಲಿ ನಿಜವಾದ ಸ್ಟೆಮ್ ಸೆಲ್ ನೂರಕ್ಕೆ ಮೂರಕ್ಕಿಂತ ಜಾಸ್ತಿ ಇದ್ದೋರಿಗೆ 78 ಪರ್ಸೆಂಟ್ ಗೆದ್ದಿತ್ತು, ಕಮ್ಮಿ ಇದ್ದೋರಿಗೆ 11 ಮಾತ್ರ. ಅಂದ್ರೆ ಎಷ್ಟು ಕೋಶ ಹಾಕ್ತೀರಿ ಅನ್ನೋದಕ್ಕಿಂತ ಅದರಲ್ಲಿ ಎಷ್ಟು ಅಸಲಿ ಅನ್ನೋದೇ ಮುಖ್ಯ. 2015ರಲ್ಲಿ ಇದಕ್ಕೆ ಹೋಲೋಕ್ಲಾರ್ ಅಂತ ಹೆಸರಿಟ್ಟು ಯುರೋಪಲ್ಲಿ ಅನುಮತಿ ಸಿಕ್ತು, ಯುರೋಪಿನ ಮೊದಲನೇ ಸ್ಟೆಮ್ ಸೆಲ್ ಔಷಧ ಅದೇ. ಆದ್ರೆ 2017ರಲ್ಲಿ ಬ್ರಿಟನ್ನಲ್ಲಿ ಅದರ ಬೆಲೆ ಒಂದು ಕಣ್ಣಿಗೆ 80,000 ಪೌಂಡ್, ನಮ್ಮ ದುಡ್ಡಲ್ಲಿ 60 ಲಕ್ಷದ ಮೇಲೆ.

ಈಗ ನಮ್ಮ ದೇಶದ ಕಥೆ. ಹೈದರಾಬಾದಿನ ಎಲ್ ವಿ ಪ್ರಸಾದ್ ಐ ಇನ್‌ಸ್ಟಿಟ್ಯೂಟಲ್ಲಿ ವೀರೇಂದರ್ ಸಾಂಗ್ವಾನ್ ಮತ್ತೆ ತಂಡ 2001ರಿಂದಾನೇ ಲ್ಯಾಬಲ್ಲಿ ಬೆಳೆಸಿ ಹಾಕ್ತಿದ್ರು, 200 ಜನರ ಫಲಿತಾಂಶ 2011ರಲ್ಲಿ ಬಂತು, 71 ಪರ್ಸೆಂಟ್ ಗೆಲುವು. ಆಮೇಲೆ ಅವ್ರು ಯೋಚನೆ ಮಾಡಿದ್ದು, ಲ್ಯಾಬ್ ಯಾಕೆ ಬೇಕು, ಕಣ್ಣೇ ಲ್ಯಾಬ್ ಆಗ್ಲಿ ಅಂತ. 2012ರಲ್ಲಿ ಸ್ಲೆಟ್ ಅನ್ನೋ ವಿಧಾನ ಪ್ರಕಟ ಮಾಡಿದ್ರು. ನಿಮ್ಮ ತಮ್ಮಂಗೆ ಹೇಳಿರೋದು ಬಹುಶಃ ಇದೇ. ಒಳ್ಳೆ ಕಣ್ಣಿಂದ ತೆಗೆಯೋದು ಉದ್ದ 2 ಮಿಲಿಮೀಟರ್ ಅಗಲ 2 ಮಿಲಿಮೀಟರ್ ಚೂರು. ಕಣ್ಣಿನ ಅಂಚನ್ನ ಗಡಿಯಾರದ ಥರ 12 ಗಂಟೆ ಭಾಗ ಮಾಡಿದ್ರೆ ಅದರಲ್ಲಿ ಸುಮಾರು ಒಂದು ಗಂಟೆ ಜಾಗ. ಉಳಿದ 11 ಹಂಗೇ ಇರುತ್ತೆ, ತೆಗೆದ ಜಾಗನೂ ಮಾಯುತ್ತೆ.

ಅರೇಹಳ್ಳಿ ತೋಟದವ:
2 ಮಿಲಿಮೀಟರಾ? ನಾನು ಅರ್ಧ ಕಣ್ಣು ಅಂದ್ಕೊಂಡಿದ್ದೆ. ಅಷ್ಟು ಚೂರು ಇಟ್ಕೊಂಡು ಏನ್ ಮಾಡ್ತಾರೆ?

ಕಣ್ಣಾಸ್ಪತ್ರೆ ಕೆಲಸದವಳು, ಹಾಸನ:
ನಾನು ಈ ಆಪರೇಷನ್ ಓಟೀಲಿ ನಿಂತು ನೋಡಿದ್ದೀನಿ. ಮೊದಲು ಕೆಟ್ಟ ಕಣ್ಣಿನ ಮೇಲೆ ಹತ್ತಿರೋ ಆ ಕೆಂಪು ಚರ್ಮನ ಬಿಡಿಸಿ ಸುಲೀತಾರೆ. ಕೆಳಗೆ ಕಾರ್ನಿಯಾ ಮಬ್ಬಾಗಿ ಕಾಣುತ್ತೆ. ಅದರ ಮೇಲೆ ಆಮ್ನಿಯಾಟಿಕ್ ಪದರ ಹಾಸ್ತಾರೆ, ಅಂದ್ರೆ ಸಿಸೇರಿಯನ್ ಹೆರಿಗೇಲಿ ಬಂದ ಮಾಸಿನ ಒಳಪದರ, ತಾಯಿ ರಕ್ತ ಎಲ್ಲಾ ಟೆಸ್ಟ್ ಮಾಡಿ ಸಂಸ್ಕರಿಸಿ ಇಟ್ಟಿರ್ತಾರೆ, ನೋಡಕ್ಕೆ ಈರುಳ್ಳಿ ಸಿಪ್ಪೆಗಿಂತ ತೆಳು. ಅದನ್ನ ಫೈಬ್ರಿನ್ ಅನ್ನೋ ಅಂಟಲ್ಲಿ ಅಂಟಿಸ್ತಾರೆ. ಒಳ್ಳೆ ಕಣ್ಣಿಂದ ತಂದ ಆ ಚೂರನ್ನ ಮೈಕ್ರೋಸ್ಕೋಪ್ ಕೆಳಗೆ 8-10 ತುಣುಕು ಮಾಡಿ, ಮಧ್ಯದಲ್ಲಿ ಪಾಪೆ ಮುಂದೆ ಜಾಗ ಬಿಟ್ಟು ಸುತ್ತ ಒಂದೊಂದೇ ಇಟ್ಟು, ತಲಾ ಒಂದೊಂದು ಹನಿ ಅಂಟು. ಮೇಲೆ ಮೆತ್ತನೆ ಕಾಂಟ್ಯಾಕ್ಟ್ ಲೆನ್ಸ್ ಮುಚ್ತಾರೆ. ಒಂದೆರಡು ವಾರದಲ್ಲಿ ಆ ತುಣುಕುಗಳಿಂದ ಕೋಶ ಹರಡ್ಕೊಂಡು ಒಂದಕ್ಕೊಂದು ಸೇರುತ್ತೆ. ಹಳದಿ ಡೈ ಹಾಕಿ ನೀಲಿ ಬೆಳಕಲ್ಲಿ ನೋಡಿದ್ರೆ ಎಲ್ಲಿ ಇನ್ನೂ ಮುಚ್ಚಿಲ್ಲ ಅಲ್ಲಿ ಹಸಿರು ಹೊಳೆಯುತ್ತೆ, ಪ್ರತಿ ಸಲ ಬಂದಾಗ ಆ ಹಸಿರು ಚಿಕ್ಕದಾಗ್ತಾ ಹೋಗೋದನ್ನ ನೋಡಕ್ಕೆ ನಮಗೇ ಖುಷಿ.

ಬೇಲೂರು ಹುಡುಗ:
ಅಬ್ಬಾ. ಮಾಸಿನ ಪದರ ಕಣ್ಣಿಗೆ!

ಬಣಕಲ್ ಪ್ಲಾಂಟರ್:
ಒಪ್ಪೋಣ. ಗೆಲುವು ಗೆಲುವು ಅಂತೀರಲ್ಲ, ಸ್ಲೆಟ್‌ದು ಎಷ್ಟು? ಮತ್ತೆ ಗೆಲುವು ಅಂದ್ರೆ ದೃಷ್ಟಿ ಬಂತು ಅಂತಾನಾ? ಇದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ.

ಮೂಡಿಗೆರೆ ಲ್ಯಾಬ್:
ಒಳ್ಳೆ ಪ್ರಶ್ನೆ, ಕೇಳಲೇಬೇಕಾದ್ದು. 2016ರಲ್ಲಿ ಸಯನ್ ಬಸು ಮತ್ತೆ ತಂಡದವ್ರು 125 ಜನರದ್ದು ಹಾಕಿದ್ರು, ಅದರಲ್ಲಿ ಮಕ್ಕಳೂ ಇದ್ರು, 76 ಪರ್ಸೆಂಟ್. ಇಲ್ಲಿ ಗೆಲುವು ಅಂದ್ರೆ ಕಾರ್ನಿಯಾ ಮೇಲ್ಪದರ ಗಟ್ಟಿಯಾಗಿ ನಿಂತು, ರಕ್ತನಾಳ ಮತ್ತೆ ಹತ್ತದೆ ಇರೋದು. ಉರಿ, ನೀರು, ಬೆಳಕಿನ ಹಿಂಸೆ ಕಮ್ಮಿ ಆಗುತ್ತೆ. ದೃಷ್ಟಿ ತುಂಬಾ ಜನಕ್ಕೆ ಸುಧಾರಿಸುತ್ತೆ, ಆದ್ರೆ ಎಷ್ಟು ಅನ್ನೋದು ಒಳಪದರದ ಕಲೆ, ಲೆನ್ಸ್, ನರ ಇವುಗಳ ಮೇಲೆ. ಹಾಗಾಗಿ 76 ಅಂದ ತಕ್ಷಣ ನೂರಕ್ಕೆ 76 ಜನ ಗಾಡಿ ಓಡಿಸ್ತಾರೆ ಅಂತ ಅಲ್ಲ.

ಅದೇ ಪೇಪರಲ್ಲಿ ಯಾರಿಗೆ ಸೋಲೋದು ಜಾಸ್ತಿ ಅಂತಾನೂ ಇದೆ. ಆಸಿಡ್ ಬಿದ್ದೋರು, ರೆಪ್ಪೆ ಗುಡ್ಡೆಗೆ ಜೋರಾಗಿ ಅಂಟ್ಕೊಂಡಿರೋರು, ಮತ್ತೆ ಒಂದೇ ಸಲಕ್ಕೆ ಸ್ಲೆಟ್ ಕಾರ್ನಿಯಾ ಎರಡೂ ಮಾಡಿಸ್ಕೊಂಡೋರು. ಅರೇಹಳ್ಳಿಯವ್ರೇ ಈ ಕೊನೇದು ನೆನಪಿಡಿ. ಯಾರಾದ್ರೂ ಎರಡೂ ಒಟ್ಟಿಗೆ ಮುಗಿಸ್ಬಿಡೋಣ ಅಂದ್ರೆ ಯಾಕೆ ಅಂತ ಕೇಳಿ.

ಬಣಕಲ್ ಪ್ಲಾಂಟರ್:
ಹಿಂಗೆ ಬಿಡಿಸಿ ಹೇಳಿದ್ರೆ ನಾನ್ಯಾಕೆ ಬೇಡ ಅಂತೀನಿ. ಮಂಡಿಗೆ ಚುಚ್ಚೋರು ಇಂಥ ಲೆಕ್ಕ ಕೊಡಲ್ಲ, ಅದೇ ನನ್ನ ಸಿಟ್ಟು.

ಚನ್ನರಾಯಪಟ್ಟಣ ಅಪ್ಪ:
ನನ್ನ ಮಗ ಹುಟ್ಟಿದಾಗ ಹೊಕ್ಕಳಬಳ್ಳಿ ರಕ್ತ ಬ್ಯಾಂಕಲ್ಲಿ ಇಡಿಸಿದ್ದೀವಿ ದುಡ್ಡು ಕಟ್ಟಿ. ಮುಂದೆ ಇಂಥದ್ದು ಆದ್ರೆ ಅದು ಬಳಸಬಹುದಾ?

ಮೂಡಿಗೆರೆ ಲ್ಯಾಬ್:
ಇಲ್ಲ ಅಣ್ಣ. ಅದರಲ್ಲಿರೋದು ಮುಖ್ಯವಾಗಿ ರಕ್ತ ತಯಾರಿಸೋ ಸ್ಟೆಮ್ ಸೆಲ್. ಕಾರ್ನಿಯಾ ಅಂಚಿನ ಚಿಕಿತ್ಸೆಗೆ ಅದು ಬೇಕಿಲ್ಲ.

ಬಾಳೆಹೊನ್ನೂರು ಅಕ್ಕ:
ಎರಡೂ ಕಣ್ಣು ಹೋಗಿದ್ರೆ? ನಮ್ಮ ಪರಿಚಯದ ಹುಡುಗಿ ಒಬ್ಳಿಗೆ ಬಾತ್ರೂಮ್ ಆಸಿಡ್ ಎರಡಕ್ಕೂ ಬಿದ್ದಿದೆ, ತೆಗೆಯಕ್ಕೆ ಒಳ್ಳೆ ಕಣ್ಣೇ ಇಲ್ಲ. ಅವ್ರ ಅಮ್ಮ ನಂದು ಕೊಡ್ತೀನಿ ಅಂತಿದ್ದಾರೆ.

ಕಣ್ಣಾಸ್ಪತ್ರೆ ಕೆಲಸದವಳು, ಹಾಸನ:
ಅಮ್ಮನ್ದು ಅಕ್ಕತಂಗಿದು ತಗೊಳ್ತಾರೆ ಅಕ್ಕ, ತೀರ್ಕೊಂಡೋರ ಕಣ್ಣಿನ ಅಂಚಿಂದಾನೂ ತಗೊಳ್ತಾರೆ. ಆದ್ರೆ ಬೇರೆಯವ್ರ ಕೋಶನ ದೇಹ ಒಪ್ಪಲ್ಲ, ಕಿಡ್ನಿ ಹಾಕಿಸ್ಕೊಂಡೋರ ಥರ ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ ಬಹಳ ಕಾಲ ತಗೋಬೇಕು, ರಕ್ತ ಪರೀಕ್ಷೆ ಮಾಡಿಸ್ತಾ ಇರಬೇಕು. ಮದುವೆ ಮಕ್ಕಳು ಅನ್ನೋ ವಯಸ್ಸಿನ ಹುಡುಗಿ ಆದ್ರೆ ಅದನ್ನೂ ಡಾಕ್ಟ್ರ ಹತ್ರ ಮೊದಲೇ ಮಾತಾಡಿ.

ಮೂಡಿಗೆರೆ ಲ್ಯಾಬ್:
ಇದಕ್ಕೆ ಜಪಾನಿನವ್ರು ಬೇರೆ ದಾರಿ ಹುಡುಕಿದ್ದಾರೆ. ಕೋಜಿ ನಿಶಿದಾ ಅನ್ನೋರ ತಂಡ ರೋಗಿಯದ್ದೇ ಬಾಯಿ ಒಳಗಿನ ಕೆನ್ನೆ ಚರ್ಮದ ಕೋಶ ಬೆಳೆಸಿ ಕಣ್ಣಿಗೆ ಹಾಕಿ 2004ರಲ್ಲಿ ಪ್ರಕಟ ಮಾಡಿದ್ರು. ಅವ್ರದ್ದೇ ಕೋಶ ಆದ್ರಿಂದ ಆ ಮಾತ್ರೆಗಳ ಕಾಟ ಇಲ್ಲ. ಅದೇ ನಿಶಿದಾ ತಂಡ ಒಸಾಕಾದಲ್ಲಿ ಐಪಿಎಸ್ ಕೋಶದಿಂದ, ಅಂದ್ರೆ ಸಾಮಾನ್ಯ ಕೋಶನ ಹಿಂದಕ್ಕೆ ಭ್ರೂಣದ ಕೋಶದಂಥ ಸ್ಥಿತಿಗೆ ತಿರುಗಿಸಿ, ಅದರಿಂದ ಕಾರ್ನಿಯಾ ಪದರ ಬೆಳೆಸಿ 2019ರಲ್ಲಿ ಮೊದಲನೇ ರೋಗಿಗೆ ಹಾಕಿದ್ರು. ನಾಲ್ಕು ಜನರ ಫಲಿತಾಂಶ 2024ರಲ್ಲಿ ಲ್ಯಾನ್ಸೆಟಲ್ಲಿ ಬಂತು. ನಾಲ್ಕೇ ಜನ, ಅದು ಇನ್ನೂ ಪ್ರಯೋಗದ ಹಂತ, ಅದಕ್ಕೆ ಕಾಯ್ತಾ ಕೂರ್ಬೇಡಿ.

ಕೊಪ್ಪದ ಮಾಣಿ:
ಹಲ್ಲು ತೆಗೆದು ಕಣ್ಣಿಗೆ ಹಾಕ್ತಾರೆ ಅಂತ ಎಲ್ಲೋ ಓದಿದ್ದೆ ಮಾರಾಯ್ರೆ, ಅದು ಸುಳ್ಳಾ?

ಕಣ್ಣಾಸ್ಪತ್ರೆ ಕೆಲಸದವಳು, ಹಾಸನ:
ಸುಳ್ಳಲ್ಲ. ಕಣ್ಣೀರೇ ಇಲ್ದೆ ಒಣಗಿ ಎರಡೂ ಕಣ್ಣು ಪೂರ್ತಿ ಹೋಗಿರೋರಿಗೆ ಕೊನೇ ದಾರಿ ಅದು. ಅವ್ರದ್ದೇ ಹಲ್ಲು, ಅದರ ಬುಡದ ಮೂಳೆ ಸಮೇತ ತೆಗೆದು, ತೂತು ಕೊರೆದು ಅದರಲ್ಲಿ ಚಿಕ್ಕ ಲೆನ್ಸ್ ಕೂರಿಸಿ ಕಣ್ಣಿಗೆ ಹಾಕ್ತಾರೆ. ಚೆನ್ನೈ ಶಂಕರ ನೇತ್ರಾಲಯದಲ್ಲಿ ಮಾಡ್ತಾರೆ.

ಮಗ್ಗೆ ರೈತ:
ಎಲ್ಲಾ ಚಿಕಿತ್ಸೆ ಮಾತಾಯ್ತು, ತೋಟದಲ್ಲಿ ಏನ್ ಮಾಡ್ಬೇಕು ಅದನ್ನೂ ಹೇಳ್ರಪ್ಪ, ಮುಂದಿನ ಬೋರ್ಡೋ ಬರ್ತಾ ಐತೆ. ನಾವು ಈಗ ಸುಟ್ಟ ಸುಣ್ಣ ಅರಳ್ಸೋದೇ ಬಿಟ್ಟಿದೀವಿ, ಅರಳಿಸಿದ ಪುಡಿ ಸುಣ್ಣ ಚೀಲದಲ್ಲಿ ಬತ್ತದೆ ಅದನ್ನೇ ತರೋದು. ಕುದಿಯಲ್ಲ, ಸಿಡಿಯಲ್ಲ. ಹಂಗಂತ ಕಣ್ಣಿಗೆ ಬಿದ್ರೆ ಅದೂ ಸುಡ್ತದೆ, ಗಾಳೀಲಿ ಎರಚೋವಾಗ ಹುಷಾರಾಗಿರ್ಬೇಕು.

ಬಣಕಲ್ ಪ್ಲಾಂಟರ್:
ಪುಡಿ ಸುಣ್ಣದಲ್ಲಿ ಬೋರ್ಡೋ ಸರಿ ಕೂರಲ್ಲ ಮಾರಾಯ್ರೆ, ಎಲೆಗೆ ಅಂಟಲ್ಲ. ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದಾಗ ಗೊತ್ತಾಗುತ್ತೆ.

ಮಗ್ಗೆ ರೈತ:
ಅಂಟ್ತದೆ ಸಾರ್, ಒಳ್ಳೆ ಸುಣ್ಣ ತಂದ್ರೆ. 100 ಲೀಟರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ, ಸುಣ್ಣದ ನೀರಿಗೆ ಮೈಲುತುತ್ತದ ನೀರು ಹುಯ್ಯೋದು, ಕುಡುಗೋಲು ಅದ್ದಿ ನೋಡೋದು, ಕೆಂಪಗೆ ತಾಮ್ರ ಹತ್ತಿದ್ರೆ ಇನ್ನೊಂದಿಷ್ಟು ಸುಣ್ಣ. ಎಲ್ಲಾ ಅದೇ ಲೆಕ್ಕ. ಚೀಲ ಹಳೇದಾಗಿ ಗಾಳಿ ಹಿಡಿದಿದ್ರೆ ಮಾತ್ರ ಕೆಡ್ತದೆ.

ಆಲ್ದೂರು ರೈಟರ್:
ನಾನು ಎಸ್ಟೇಟಲ್ಲಿ ರೈಟರ್, ಆಳುಗಳ ಕೆಲಸ ಲೆಕ್ಕ ನೋಡ್ಕೊಳ್ಳೋನು. ಆಳುಗಳಿಗೆ ಕನ್ನಡಕ ಕೊಟ್ರೆ ಹಾಕಲ್ಲ, ಬೆವರಿಗೆ ಮಂಜು ಕಟ್ಟುತ್ತೆ ಅಂತಾರೆ, ಅದು ಸುಳ್ಳೂ ಅಲ್ಲ. ಅದಕ್ಕೆ ಸೈಡಲ್ಲಿ ಗಾಳಿ ತೂತು ಇರೋದು ತರಿಸಿದ್ವಿ, ಈಗ ಹಾಕ್ತಾರೆ, ಮಿಕ್ಸ್ ಮಾಡೋನು ಹಾಕದೆ ಡ್ರಮ್ ಹತ್ರ ಹೋಗೋ ಹಂಗಿಲ್ಲ. ಡ್ರಮ್ ಪಕ್ಕ ಒಂದು ಬ್ಯಾರೆಲ್ ಶುದ್ಧ ನೀರು, ಒಂದು ಮಗ್, ಅದನ್ನ ಬೇರೆ ಯಾವುದಕ್ಕೂ ಮುಟ್ಟಂಗಿಲ್ಲ. ಅಸ್ಸಾಂ ಕಡೆಯವ್ರು ಬಂದಿದ್ದಾರೆ, ಕನ್ನಡ ಬರಲ್ಲ, ಅವ್ರಿಗೆ ರೆಪ್ಪೆ ಬಿಡಿಸಿ ತೊಳೆಯೋದು ಹೆಂಗೆ ಅಂತ ಮಾಡಿ ತೋರಿಸಿದ್ದೀವಿ. ಸಾಹುಕಾರ್ರುಗಳು ಇದಕ್ಕೆ ದುಡ್ಡು ಹಾಕ್ಬೇಕು, ಒಂದು ಕಣ್ಣು ಹೋದ್ರೆ ಒಂದು ಲೈನ್ ಮನೆ ಸಂಸಾರವೇ ಕೂತ್ಬಿಡುತ್ತೆ.

ಆಲೂರಿನ ಟೀಚರ್:
ರೈಟರ್ ಸಾರ್, ನಿಮ್ಮಂಥೋರು ಎಲ್ಲಾ ತೋಟದಲ್ಲೂ ಇರ್ಬೇಕು.

ಸಕಲೇಶಪುರ ಅಜ್ಜಿ ಮೊಮ್ಮಗ:
ಪಕ್ಕದಲ್ಲಿ ನೀರಿನ ಬ್ಯಾರೆಲ್ ಒಳ್ಳೆ ಐಡಿಯಾ. ನಮ್ಮ ತೋಟದಲ್ಲೂ ಇಡಿಸ್ತೀನಿ. ನಿಂಬೆಹಣ್ಣು ಬಿಟ್ಟೆ ಹೋಗ್ಲಿ.

ಬೇಲೂರು ಹುಡುಗ:
ಖರ್ಚು ಎಷ್ಟಾಗುತ್ತೆ ಯಾರೂ ಹೇಳ್ಲಿಲ್ಲ.

ಚಿಕ್ಕಮಗಳೂರು ಫಾರ್ಮಸಿ:
ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ, ಇಲ್ಲಿ ನಂಬರ್ ಹಾಕಿದ್ರೆ ಅದೇ ಹಿಡ್ಕೊಂಡು ಜಗಳ ಆಗುತ್ತೆ. ಲ್ಯಾಬಲ್ಲಿ ಬೆಳೆಸೋದಕ್ಕಿಂತ ಸ್ಲೆಟ್ ಖರ್ಚು ತುಂಬಾ ಕಮ್ಮಿ, ಅದು ಗ್ಯಾರಂಟಿ, ಲ್ಯಾಬೇ ಬೇಡ್ವಲ್ಲ. ಎಲ್ ವಿ ಪ್ರಸಾದ್‌ನಲ್ಲಿ ಕಟ್ಟಕ್ಕಾಗದೋರಿಗೆ ಉಚಿತವಾಗಿ ಮಾಡೋ ಪದ್ಧತಿ ಮೊದಲಿಂದ ಇದೆ. ನಿಮ್ಮ ಆಸ್ಪತ್ರೇಲಿ ಆಯುಷ್ಮಾನ್ ಕಾರ್ಡಿಗೆ ಇದು ಬರುತ್ತಾ ಅಂತ ಆಪರೇಷನ್ ಡೇಟ್ ತಗೊಳೋ ಮುಂಚೆ ಕೌಂಟರಲ್ಲಿ ಕೇಳಿ, ಆಮೇಲಲ್ಲ.

ಅರೇಹಳ್ಳಿ ತೋಟದವ:
ಈ ಚರ್ಚೆ ಪೂರ್ತಿ ನಮ್ಮ ದೊಡ್ಡಮ್ಮಂಗೆ ಓದಿ ಹೇಳಿದೆ. 2 ಮಿಲಿಮೀಟರ್ ಅಂದ್ರೆ ಎಷ್ಟು ಅಂತ ಸ್ಕೇಲ್ ತರಿಸಿ ನೋಡಿದ್ರು. ಪೂರ್ತಿ ಒಪ್ಪಿಲ್ಲ, ಡಾಕ್ಟ್ರ ಬಾಯಲ್ಲೇ ಕೇಳ್ತೀನಿ ನಾನೂ ಬರ್ತೀನಿ ಅಂತವ್ರೆ. ತಮ್ಮ ರೆಡಿ ಇದ್ದಾನೆ. ಕೊನೇದಾಗಿ ಒಂದು, ಇನ್ನೂ ಸ್ವಲ್ಪ ದಿನ ಕಾಯಿರಿ ಕಣ್ಣು ಕೆಂಪಿದೆ ಅಂದಿದ್ರು ಅವ್ರು, ಲೇಟ್ ಆದ್ರೆ ಹಾಳಾಗಲ್ವಾ?

ಕಣ್ಣಾಸ್ಪತ್ರೆ ಕೆಲಸದವಳು, ಹಾಸನ:
ಅದು ಸರಿಯಾಗೇ ಹೇಳಿದ್ದಾರೆ. ಒಳಗೆ ಉರಿ ಊತ ಇರೋವಾಗ ನೆಟ್ರೆ ಆ ಎಳೇ ಕೋಶ ಉಳಿಯಲ್ಲ, ಕಣ್ಣು ತಣ್ಣಗಾಗೋವರೆಗೆ ತಿಂಗಳುಗಟ್ಟಲೆ ಕಾಯಿಸ್ತಾರೆ. ರೆಪ್ಪೆ ಪೂರ್ತಿ ಮುಚ್ಚಲ್ಲ ಅಂದ್ರೆ ಅಥವಾ ಗುಡ್ಡೆಗೆ ಅಂಟಿದ್ರೆ ಅದನ್ನ ಮೊದಲು ಸರಿ ಮಾಡ್ತಾರೆ, ಪ್ರೆಶರ್ ಹಿಡಿತದಲ್ಲಿ ಇರ್ಬೇಕು. ಅಷ್ಟರಲ್ಲಿ ಕಣ್ಣು ಉಜ್ಜೋದು ಬೇಡ, ತೋಟದ ಧೂಳಿಗೆ ಕಳಿಸ್ಬೇಡಿ. ಹೋಗೋವಾಗ ಹಾಸನದಲ್ಲಿ ಮೊದಲ ದಿನ ಬರೆದ ಚೀಟಿಯಿಂದ ಹಿಡಿದು ಎಲ್ಲಾ ಫೈಲು, ಹಾಕ್ತಿರೋ ಡ್ರಾಪ್ಸ್ ಬಾಟ್ಲು ಸಮೇತ ತಗೊಂಡು ಹೋಗಿ. ಎಡಗಣ್ಣಿನ ಅಂಚು ಪೂರ್ತಿ ಚೆನ್ನಾಗಿದೆಯಾ ಅಂತ ಪರೀಕ್ಷೆ ಮಾಡಿಸಿ ಕೇಳಿ, ಸಿಡಿದಾಗ ಅದಕ್ಕೂ ಒಂದೆರಡು ಹನಿ ಬಿದ್ದಿದ್ರೆ ಅದು ಮೊದಲೇ ಗೊತ್ತಾಗ್ಬೇಕು.

ಅರೇಹಳ್ಳಿ ತೋಟದವ:
ಅದನ್ನ ನಾವು ಕೇಳೇ ಇಲ್ಲ ಮೇಡಂ. ಬರ್ಕೊಂಡೆ. ಮುಂದಿನ ವಾರ ಹೋಗ್ತಾ ಇದ್ದೀವಿ, ಏನು ಹೇಳ್ತಾರೆ ಅಂತ ಇಲ್ಲೇ ಹಾಕ್ತೀನಿ.

ಬಣಕಲ್ ಪ್ಲಾಂಟರ್:
ಹಾಕಿ ಮಾರಾಯ್ರೆ, ಕಾಯ್ತಿರ್ತೀವಿ. ದೊಡ್ಡಮ್ಮನ್ನ ಖಂಡಿತ ಕರ್ಕೊಂಡು ಹೋಗಿ, ನಾವು ಕೇಳದೆ ಇರೋ ಪ್ರಶ್ನೆ ಅವ್ರೇ ಕೇಳ್ತಾರೆ.